ರೇಡಿಯೇಷನ್, ಕೀಮೋ ನಡೆಯುತ್ತಿರುವವರ ಮನೆಯವರೇ, 'ಒಳ್ಳೆ ಬ್ಯಾಕ್ಟೀರಿಯಾ' ಪುಡಿ ಮಾರುವವರಿಂದ ಹುಷಾರು

ಮೈಸೂರಿನಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಓಡಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಅವ್ವನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಮದ್ದೂರಿನ ಕಡೆಯಿಂದ ಬಂದು, ಸರಸ್ವತಿಪುರಂನಲ್ಲಿ ರೂಮ್ ಮಾಡಿಕೊಂಡು ರೇಡಿಯೇಷನ್ ಕೊಡಿಸುತ್ತಿದ್ದೆವು, ಜೊತೆಗೆ ವಾರಕ್ಕೊಂದು ಕೀಮೋ. ಕಿಬ್ಬೊಟ್ಟೆಗೆ ರೇಡಿಯೇಷನ್ ಕೊಟ್ಟರೆ ಕರುಳಿನ ಒಳಪದರಕ್ಕೂ ಪೆಟ್ಟು ಬೀಳುತ್ತೆ, ಭೇದಿ ಶುರುವಾಗುತ್ತೆ. ಡಾಕ್ಟರ್ ಮೊದಲೇ ಹೇಳಿದ್ದರು. ಆ ಭಯವನ್ನೇ ಪುಡಿ ಮಾರುವ ಒಬ್ಬ ಮನುಷ್ಯ ಬಂಡವಾಳ ಮಾಡಿಕೊಂಡ.

ಆಸ್ಪತ್ರೆ ಎದುರಿನ ಟೀ ಅಂಗಡಿಯಲ್ಲಿ ಸಿಕ್ಕವನು. ಇನ್‌ಶರ್ಟ್, ಕೊರಳಲ್ಲಿ ಐಡಿ ಕಾರ್ಡ್. ಯಾರು ನೋಡಿದರೂ ಆಸ್ಪತ್ರೆಯವನೇ ಅನ್ನಬೇಕು. "ಸಾರ್, ಈ ಪ್ರೋಬಯಾಟಿಕ್, ಅಂದ್ರೆ ಒಳ್ಳೆ ಬ್ಯಾಕ್ಟೀರಿಯಾ ಪುಡಿ ಕೊಡಿ, ಅಮ್ಮನಿಗೆ ಒಂದು ಸಲಾನೂ ಲೂಸ್ ಮೋಷನ್ ಆಗಲ್ಲ, ನಂದು ಗ್ಯಾರಂಟಿ" ಅಂದ. ಡಬ್ಬಿಗೆ 6,800 ರೂಪಾಯಿ. ಬಿಲ್ ಕೇಳಿದರೆ ವಾಟ್ಸಾಪ್‌ನಲ್ಲಿ ಹಾಕ್ತೀನಿ ಅಂದ. ಡಾಕ್ಟರನ್ನು ಒಂದು ಮಾತು ಕೇಳ್ತೀನಿ ಅಂದೆ. "ಮೊಸರು ಇದ್ದ ಹಾಗೆ ಸಾರ್ ಇದು. ಮೊಸರು ತಿನ್ನೋಕೆ ಯಾರಾದ್ರೂ ಡಾಕ್ಟರನ್ನ ಕೇಳ್ತಾರಾ?"

ನಂಬಿ ತಗೊಂಡು ಕೊಟ್ಟೆ. ಆದರೂ ಭೇದಿ ಬಂತು. ಅವ್ವ ಗೋಡೆ ಹಿಡಿದುಕೊಂಡು ಬಚ್ಚಲಿಗೂ ಮಂಚಕ್ಕೂ ಓಡಾಡುವ ಹಾಗಾಯಿತು. ಫೋನ್ ಮಾಡಿದಾಗ ಅವನ ಉತ್ತರ ಕೇಳಿ: "ಗುಡ್ ಸೈನ್ ಸಾರ್! ಒಳಗಿನ ವಿಷ ಎಲ್ಲಾ ಹೊರಗೆ ಹೋಗ್ತಿದೆ. ಡೋಸ್ ಡಬಲ್ ಮಾಡಿ."

ಭೇದಿ ಬರಬಾರದು ಅಂತ ಮಾರಿದ ಪುಡಿ. ಭೇದಿ ಬಂದರೆ ಗುಡ್ ಸೈನ್ ಅಂತೆ! ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಡಬ್ಬಿ ತಗೊಂಡು ಸೀದಾ ಸಿಸ್ಟರ್ ಹತ್ತಿರ ಹೋದೆ. ಅವರು ತಿರುಗಿಸಿ ಹಿಂದುಗಡೆ ಬೆರಳಿಟ್ಟು ತೋರಿಸಿದರು. 'ಔಷಧಿಯಾಗಿ ಬಳಸಲು ಅಲ್ಲ' ಅಂತ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇತ್ತು. ಲೈಸೆನ್ಸ್ ನಂಬರ್ ಎಫ್‌ಎಸ್‌ಎಸ್‌ಎಐದು, ಅಂದರೆ ಆಹಾರದ್ದು. ಯಾವ ಬ್ಯಾಕ್ಟೀರಿಯಾ, ಎಷ್ಟು, ಏನೂ ಬರೆದಿಲ್ಲ. ಅಷ್ಟು ಜನ ಓಡಾಡುವ ಜಾಗದಲ್ಲಿ ನಾಚಿಕೆಯಿಂದ ನೆಲ ನೋಡಿಕೊಂಡು ನಿಂತಿದ್ದೆ.

ಡಾಕ್ಟರ್ ಬೈಯಲಿಲ್ಲ, ಬಿಡಿಸಿ ಹೇಳಿದರು. ಪ್ರೋಬಯಾಟಿಕ್ ಅಂದರೇ ಮೋಸ ಅಂತಲ್ಲ. ಕಿಬ್ಬೊಟ್ಟೆ ರೇಡಿಯೇಷನ್‌ನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾ ಇರುವಂಥವು ಭೇದಿಯನ್ನು ಸ್ವಲ್ಪ ತಡೆಯಬಹುದು ಅಂತ ಕೆಲವು ಅಧ್ಯಯನಗಳಿವೆ. ಆದರೆ 2018ರಲ್ಲಿ ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯವರು 12 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಪುರಾವೆ ಗಟ್ಟಿಯಾಗಿಲ್ಲ ಅಂದರು. ಗ್ಯಾರಂಟಿ ಅನ್ನೋ ಮಾತೇ ಸುಳ್ಳು. ಇನ್ನೊಂದು, ಪುಡಿಯಲ್ಲಿರೋದು ಜೀವ ಇರುವ ಬ್ಯಾಕ್ಟೀರಿಯಾ. ಕೀಮೋದಿಂದ ಬಿಳಿ ರಕ್ತಕಣ ತೀರಾ ಇಳಿದಿದ್ದರೆ, ಅಪರೂಪಕ್ಕಾದರೂ ಅದೇ ರಕ್ತಕ್ಕೆ ಸೇರಿ ಸೋಂಕು ಆಗಬಹುದು. ಅವ್ವನ ಕೌಂಟ್ ಆ ವಾರ ಕಡಿಮೆಯೇ ಇತ್ತು. ಡಬಲ್ ಮಾಡಿ ಅಂದವನಿಗೆ ಕೌಂಟ್ ಎಷ್ಟು ಅಂತ ಕೇಳಬೇಕು ಅನ್ನಿಸಲಿಲ್ಲ ಅಲ್ವಾ? ಆಮೇಲೆ ಡಾಕ್ಟರ್ ಬರೆದ ಮಾತ್ರೆ, ಓಆರ್‌ಎಸ್, ಗಂಜಿಯಲ್ಲೇ ಹತೋಟಿಗೆ ಬಂತು.

ದುಡ್ಡು ವಾಪಸ್ ಕೇಳಿದೆ. "ಓಪನ್ ಆದ ಡಬ್ಬಿ ರಿಟರ್ನ್ ಇಲ್ಲ ಸಾರ್." ಬಿಲ್ಲಾದರೂ ಕೊಡು ಅಂದೆ. "ಸಿಸ್ಟಮ್ ಡೌನ್ ಇದೆ." ಕೊನೆಗೆ ಏನಂದ ಗೊತ್ತಾ? "ಬೇರೆಯವರಿಗೆಲ್ಲ ಚೆನ್ನಾಗಾಗಿದೆ, ನಿಮ್ಮಮ್ಮನ ಬಾಡಿನೇ ಒಪ್ತಿಲ್ಲ." ನೋವಿನಲ್ಲಿ ನರಳುತ್ತಿರೋ ಹೆಂಗಸಿನ ಮೇಲೇ ತಪ್ಪು ಹಾಕಿದ. ಆಮೇಲೆ ನನ್ನ ನಂಬರ್ ಬ್ಲಾಕ್.

ಬಿಲ್ ಇಲ್ಲದೆ ಏನನ್ನೂ ತಗೋಬೇಡಿ. ಪುಡಿಯಾಗಲಿ ಕಷಾಯವಾಗಲಿ, ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ. ಕೀಮೋ ನಡುವೆ ಜ್ವರ 100.4 ಡಿಗ್ರಿ ಮುಟ್ಟಿದರೆ ಇಂಥವರಿಗೆ ಫೋನ್ ಮಾಡುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಮೋಸ ಹೋದವರು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನಾನು ಮಾಡಿದ್ದೇನೆ. ಅವನ ವಾಟ್ಸಾಪ್ ಮೆಸೇಜ್‌ಗಳು ನನ್ನ ಹತ್ತಿರ ಹಾಗೇ ಇವೆ. ನಿಮಗೂ ಇದೇ ಥರ ಆಗಿದ್ದರೆ ನಿಮ್ಮವನ್ನೂ ಅಳಿಸಬೇಡಿ, ದೂರಿಗೆ ಬೇಕಾಗುತ್ತೆ.