ಮನೆ ಮುಂದೆ ಹೊಂಗೆಯೋ, ಸಂಪಿಗೆಯೋ?

ಬೆಂಗಳೂರಿನಲ್ಲಿ ಮನೆ ಮುಂದೆ ಒಂದೇ ಮರಕ್ಕೆ ಜಾಗವಿದ್ದರೆ ಯಾವುದನ್ನು ನೆಡಬೇಕು? ನನ್ನ ಮನಸ್ಸು ಹೊಂಗೆಯ ಕಡೆಗೆ. ಬೇಸಿಗೆ ಶುರುವಾಗುವ ಮೊದಲು ಎಲೆ ಉದುರಿಸಿ, ಬಿಸಿಲು ಏರುವಷ್ಟರಲ್ಲಿ ಹೊಳೆಯುವ ಹೊಸ ಚಿಗುರು ಹೊದ್ದು ನಿಲ್ಲುತ್ತದೆ. ಯುಗಾದಿ ಹೊತ್ತಿಗೆ ಅದರ ಕೆಳಗೆ ಸುಮ್ನೆ ನಿಂತು ನೋಡಿ, ಎಂಥ ತಂಪು! ಹೂ ಬಿಟ್ಟಾಗ ಮರದ ತುಂಬಾ ಜೇನುಹುಳ, ನೆಲದ ತುಂಬಾ ಕಡ್ಲೆಪುರಿ ಚೆಲ್ಲಿದ ಹಾಗೆ ಹೂ. ಬೇರು ಮಣ್ಣಿಗೆ ಸಾರಜನಕ ಕೂಡಿಸುತ್ತದೆ. ಬೀಜದ ಎಣ್ಣೆ ಹಿಂದೆ ದೀಪಕ್ಕಾಗುತ್ತಿತ್ತು. ಗುಡಿಸುವ ಕೆಲಸ ಮಾತ್ರ ಜಾಸ್ತಿ.

ಸಂಪಿಗೆಯ ಬಲ ಪರಿಮಳ. ಮಲ್ಲೇಶ್ವರದಲ್ಲಿ ರಸ್ತೆಗೇ ಅದರ ಹೆಸರಿದೆ. ದೇವರಿಗೆ, ಮುಡಿಗೆ ಹೂ ಬೇಕು ಅನ್ನುವವರು ಇದನ್ನೇ ನೆಡಿ. ಬೀಜದ ಗಿಡ ಹೂ ಬಿಡಲು ವರ್ಷಗಳೇ ಬೇಕು. ನರ್ಸರಿಯಲ್ಲಿ ಕಸಿ ಗಿಡ ಕೇಳಿ. ಎತ್ತರಕ್ಕೆ ಬೆಳೆಯುತ್ತದೆ, ಮೇಲೆ ಕರೆಂಟ್ ತಂತಿ ಇಲ್ಲದ ಕಡೆ ಹಾಕಿ.