ಮೇಲ್ ಬರುತ್ತದೆ, ಆದರೆ ಹೋಗುವುದಿಲ್ಲ: ಥಂಡರ್‌ಬರ್ಡ್ ಜೊತೆ ಹತ್ತು ವರ್ಷ

ಉಡುಪಿಯ ಕಲ್ಸಂಕದ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಉಂಟು. ಬ್ರಹ್ಮಕಲಶದ ಆಮಂತ್ರಣ, ನೇಮದ ಕರಪತ್ರ, ಯಕ್ಷಗಾನದ ಹ್ಯಾಂಡ್‌ಬಿಲ್, ಮದುವೆ ಕಾಗದ ಮಾಡಿಕೊಡುತ್ತೇನೆ. ದೀಪಾವಳಿಯಿಂದ ಪತ್ತನಾಜೆಯ (ಮೇ ಕೊನೆಗೆ ನಮ್ಮ ಕಡೆ ಜಾತ್ರೆ, ನೇಮ ಮುಗಿಯುವ ದಿನ) ತನಕ ಕೈಗೆ ಬಿಡುವಿಲ್ಲ. ಕಾರ್ಯಕ್ರಮ ಊರಿನಲ್ಲಿ, ಪ್ರೂಫ್ ನೋಡಿ ಒಪ್ಪಿಗೆ ಕೊಡುವವರು ಮುಂಬೈಯಲ್ಲಿ, ದುಬೈಯಲ್ಲಿ. ಮೇಲ್ ಹೋಗದಿದ್ದರೆ ನನ್ನ ಕೆಲಸವೂ ಮುಂದೆ ಹೋಗುವುದಿಲ್ಲ.

2014ರಿಂದ ಥಂಡರ್‌ಬರ್ಡ್ ಬಳಸುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಮೇಲ್ ಓದಿ ಕಳಿಸುವ ತಂತ್ರಾಂಶ ಇದು. ದುಡ್ಡು ಕೊಡಬೇಕಿಲ್ಲ, ಬಳಸುವವರ ದೇಣಿಗೆಯಿಂದಲೇ ನಡೆಯುತ್ತದೆ. ಅದರಲ್ಲಿ ನನ್ನ ಮೂರು ಉಚಿತ ಮೇಲ್ ಖಾತೆಗಳಿವೆ. ಇಷ್ಟು ವರ್ಷದಲ್ಲಿ ಮೇಲ್ ಬಾರದೆ ತೊಂದರೆಯಾದದ್ದು ಕಡಿಮೆ. ಆದದ್ದೆಲ್ಲ ಕಳಿಸುವಾಗಲೇ. ಅದಕ್ಕೇ ಈ ವಿಮರ್ಶೆಯಲ್ಲಿ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಒಂದು ಫೆಬ್ರವರಿಯ ಸಂಜೆ. ಮರುದಿನ ಬೆಳಿಗ್ಗೆ ಆಮಂತ್ರಣ ಅಚ್ಚಿಗೆ ಹೋಗಬೇಕು. ಮುಂಬೈಯಿಂದ ಫೋನ್: "ಎಂತ ಮಾರಾಯ್ರೆ, ನಿಮ್ಮ ಪ್ರೂಫ್ ಬರ್ಲೇ ಇಲ್ಲ." ನೋಡಿದರೆ ಮೇಲ್ ಇನ್ನೂ ನನ್ನ ಹತ್ತಿರವೇ ಉಂಟು. ಪಾಸ್‌ವರ್ಡ್ ಸರಿಯಿಲ್ಲ ಎಂದು ಪರದೆ ಹೇಳುತ್ತಿತ್ತು. ಆದರೆ ಅದೇ ಖಾತೆಗೆ ಹೊಸ ಮೇಲ್‌ಗಳು ಬರುತ್ತಲೇ ಇದ್ದವು. ಹಿಂದಿನ ದಿನವಷ್ಟೇ ಪಾಸ್‌ವರ್ಡ್ ಬದಲಿಸಿ, ಥಂಡರ್‌ಬರ್ಡ್ ಕೇಳಿದಾಗ ಹೊಸದನ್ನೇ ಕೊಟ್ಟಿದ್ದೆ. ಹಾಗಾದರೆ ಪಾಸ್‌ವರ್ಡ್ ಸರಿಯೇ ಇದೆ ಅಲ್ವಾ ಅಂತ 'ರಿಟ್ರೈ' ಒತ್ತುತ್ತಾ ಹೋದೆ. ಕೊನೆಗೆ ಆ ಸೇವೆಯವರು ಖಾತೆಗೇ ಸ್ವಲ್ಪ ಹೊತ್ತು ಬೀಗ ಹಾಕಿದರು. ಪ್ರೂಫನ್ನು ಬೇರೆ ಖಾತೆಯಿಂದ ಕಳಿಸಿದಾಗ ರಾತ್ರಿ ಹತ್ತು ಗಂಟೆ.

ಕಾರಣ ತಿಳಿದದ್ದು ಮರುದಿನ. ಮೇಲ್ ತರುವ ಸರ್ವರ್ ಬೇರೆ, ಒಯ್ಯುವ ಸರ್ವರ್ ಬೇರೆ. ಪೋಸ್ಟ್‌ಮ್ಯಾನ್ ಮನೆಗೆ ಬಂದ ಮಾತ್ರಕ್ಕೆ ಪೆಟ್ಟಿಗೆಗೆ ಹಾಕಿದ ಕಾಗದವೂ ಹೊರಟಿತು ಎಂದು ಹೇಳಲಾಗುತ್ತದಾ? ತರುವುದು ಐಮ್ಯಾಪ್ ಅಥವಾ ಪಾಪ್, ಒಯ್ಯುವುದು ಎಸ್‌ಎಂಟಿಪಿ. ಥಂಡರ್‌ಬರ್ಡ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳ ಪಟ್ಟಿ ತೆರೆದರೆ ಒಂದೇ ಖಾತೆಗೆ ಎರಡು ಸಾಲು ಕಾಣುತ್ತದೆ. ನನ್ನದರಲ್ಲಿ ಒಂದು ಸಾಲು ಹೊಸದಾಗಿತ್ತು, ಎಸ್‌ಎಂಟಿಪಿ ಸಾಲು ಹಳೆಯದೇ ಉಳಿದಿತ್ತು. ಅದನ್ನು ಅಳಿಸಿದೆ, ಮತ್ತೆ ಕೇಳಿದಾಗ ಹೊಸದನ್ನು ಕೊಟ್ಟೆ, ಮೇಲ್ ಹೋಯಿತು.

ಜಿಮೇಲ್ ಇರುವವರಿಗೆ ಇನ್ನೊಂದು ಮಾತು. 2022ರ ಮೇ ಕೊನೆಯಿಂದ ಸುಮ್ನೆ ಪಾಸ್‌ವರ್ಡ್ ಹಾಕಿ ಹೊರಗಿನ ಆ್ಯಪ್‌ನಿಂದ ಒಳಗೆ ಹೋಗಲು ಗೂಗಲ್ ಬಿಡುವುದಿಲ್ಲ. ಥಂಡರ್‌ಬರ್ಡ್‌ನಲ್ಲಿ ಒಳಗೆ ಹೋಗುವ ವಿಧಾನವೆಂದು 'ಓಆಥ್2' ಆರಿಸಿದರೆ ಗೂಗಲ್‌ನ ಪುಟವೇ ತೆರೆದು ಒಪ್ಪಿಗೆ ಕೇಳುತ್ತದೆ. ಇಲ್ಲದಿದ್ದರೆ ಎರಡು ಹಂತದ ಪರಿಶೀಲನೆ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಓಆಥ್2 ಆಯ್ಕೆಯನ್ನು ಒಳಬರುವ ಸರ್ವರ್‌ನಲ್ಲಿ ಮಾತ್ರ ಬದಲಿಸಿ ಹೊರಹೋಗುವುದನ್ನು ಬಿಟ್ಟರೆ ಮತ್ತೆ ಅದೇ ಕಥೆ. ಹೊರಹೋಗುವ ಸರ್ವರ್‌ನ ಜಾಗ ಖಾತೆ ಸೆಟ್ಟಿಂಗ್‌ನ ಎಡಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿದೆ. ಅಲ್ಲಿಯವರೆಗೆ ಕಣ್ಣು ಇಳಿಯುವುದೇ ಇಲ್ಲ.

ನನಗೆ ತುಂಬಾ ಇಷ್ಟವಾದದ್ದು ಏನೆಂದರೆ, ಮೇಲ್ ಹೋಗದಿದ್ದಾಗ ಸರ್ವರ್ ಕೊಟ್ಟ ಉತ್ತರವನ್ನೇ ಥಂಡರ್‌ಬರ್ಡ್ ತೋರಿಸುತ್ತದೆ. 535 ಅಂದರೆ ಪಾಸ್‌ವರ್ಡ್ ವಿಷಯ. 552 ಅಂದರೆ ಹೆಚ್ಚಾಗಿ ಫೈಲ್ ದೊಡ್ಡದಾಯಿತು ಎಂದು. ಆ ಸಂಖ್ಯೆಯನ್ನು ಓದದೆ 'ಓಕೆ' ಒತ್ತಬೇಡಿ, ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ಫೈಲ್ ಗಾತ್ರ ನಮ್ಮಂಥವರಿಗೆ ದಿನವೂ ಇರುವ ತಲೆನೋವು. ಜಿಮೇಲ್ ಮಿತಿ 25 ಎಂಬಿ. ಹಾಗಂತ 24 ಎಂಬಿಯ ಪಿಡಿಎಫ್ ಹೋಗುವುದಿಲ್ಲ. ಮೇಲ್‌ಗೆ ಸೇರುವಾಗ ಫೈಲನ್ನು ಅಕ್ಷರಗಳಾಗಿ ಬದಲಿಸುತ್ತಾರೆ, ಆಗ ಅದು ಸುಮಾರು ಮೂರನೇ ಒಂದು ಪಾಲು ಉಬ್ಬುತ್ತದೆ. 18 ಎಂಬಿಯ ಒಳಗಿದ್ದರೆ ಧೈರ್ಯವಾಗಿ ಕಳಿಸುತ್ತೇನೆ, ದಾಟಿದರೆ ಡ್ರೈವ್‌ನ ಲಿಂಕ್. ಇನ್ನೂ ಒಂದು ಉಂಟು. ಕಳಿಸಿದ ಮೇಲ್‌ನ ಪ್ರತಿಯನ್ನು ಜಿಮೇಲ್ ತಾನೇ ಇಟ್ಟುಕೊಳ್ಳುತ್ತದೆ. ಥಂಡರ್‌ಬರ್ಡ್ ಕೂಡ ಪ್ರತಿ ಇಡಲು ಹೋದರೆ ಅಷ್ಟೂ ಫೈಲ್ ಎರಡನೇ ಸಲ ಅಪ್‌ಲೋಡ್ ಆಗುತ್ತದೆ. ಕೆಲವೊಮ್ಮೆ ಮೇಲ್ ಹೋಗಿರುತ್ತದೆ, ಪ್ರತಿ ಇಡುವುದು ಮಾತ್ರ ಸೋತಿರುತ್ತದೆ. ಹೋಗಲಿಲ್ಲ ಅಂದುಕೊಂಡು ನಾನು ಒಬ್ಬರಿಗೆ ಒಂದೇ ಪ್ರೂಫ್ ಮೂರು ಸಲ ಕಳಿಸಿದ್ದೇನೆ. ಜಿಮೇಲ್ ಖಾತೆಯಾದರೆ 'ಕಾಪೀಸ್ ಆ್ಯಂಡ್ ಫೋಲ್ಡರ್ಸ್'ನಲ್ಲಿ ಪ್ರತಿ ಇಡುವ ಆಯ್ಕೆಯ ಟಿಕ್ ತೆಗೆಯಿರಿ.

ಅಂಗಡಿಯ ಇಂಟರ್ನೆಟ್ ಬದಲಿಸಿದ ವಾರವೂ ಒಂದು ಖಾತೆಯಿಂದ ಮೇಲ್ ನಿಂತಿತ್ತು. ಅದರ ಹೊರಹೋಗುವ ಸರ್ವರ್‌ಗೆ ಹಳೆಯ ಕಾಲದ ಪೋರ್ಟ್ 25 ಇತ್ತು. ಪೋರ್ಟ್ ಅಂದರೆ ಮೇಲ್ ದಾಟುವ ಬಾಗಿಲಿನ ಸಂಖ್ಯೆ. ಸ್ಪ್ಯಾಮ್ ತಡೆಯಲೆಂದು ಎಷ್ಟೋ ಇಂಟರ್ನೆಟ್ ಕಂಪನಿಗಳು 25ನ್ನು ಮುಚ್ಚಿರುತ್ತವೆ. 587 ಹಾಕಿದೆ, ಸರಿಯಾಯಿತು. 465 ಕೂಡ ನಡೆಯುತ್ತದೆ, ಆದರೆ ಅದಕ್ಕೆ ಭದ್ರತೆಯ ಆಯ್ಕೆಯಲ್ಲಿ ಎಸ್‌ಎಸ್‌ಎಲ್/ಟಿಎಲ್‌ಎಸ್ ಇರಬೇಕು, 587ಕ್ಕೆ ಸ್ಟಾರ್ಟ್‌ಟಿಎಲ್‌ಎಸ್.

ಖಾತೆ ಎರಡಕ್ಕಿಂತ ಜಾಸ್ತಿ ಇದ್ದರೆ ಯಾವ ವಿಳಾಸಕ್ಕೆ ಯಾವ ಹೊರಹೋಗುವ ಸರ್ವರ್ ಎಂದು ನೋಡಿಕೊಳ್ಳಿ. ಒಬ್ಬರ ವಿಳಾಸ, ಇನ್ನೊಬ್ಬರ ಸರ್ವರ್ ಆದರೆ ಮೇಲ್ ಸ್ಪ್ಯಾಮ್‌ಗೆ ಬೀಳುತ್ತದೆ, ಇಲ್ಲವೇ ತಿರುಗಿ ಬರುತ್ತದೆ. ಯಾಹೂ ವಿಳಾಸ ಹೊತ್ತು ಬೇರೆ ಕಡೆಯಿಂದ ಬಂದ ಮೇಲ್ ತೆಗೆದುಕೊಳ್ಳಬೇಡಿ ಎಂದು ಯಾಹೂ 2014ರಲ್ಲೇ ಎಲ್ಲರಿಗೂ ಹೇಳಿಬಿಟ್ಟಿದೆ. ಈಗ ನಿಯಮ ಇನ್ನೂ ಬಿಗಿ. ಜಾತ್ರೆಯ ಕರೆಯೋಲೆಯನ್ನು ಒಂದೇ ಸಲ ನೂರಾರು ಜನರಿಗೆ ಕಳಿಸುವವರೂ ಜಾಗ್ರತೆ. ಉಚಿತ ಜಿಮೇಲ್‌ನಲ್ಲಿ ದಿನಕ್ಕೆ 500 ದಾಟಿದರೆ ಕಳಿಸುವುದು ನಿಲ್ಲುತ್ತದೆ, 24 ಗಂಟೆಯವರೆಗೂ ಕಾಯಬೇಕಾಗಬಹುದು.

ನಾನು ಮೊದಲು ಮಾಡುವ ಪರೀಕ್ಷೆ ಹೀಗೆ. ಬ್ರೌಸರ್‌ನಲ್ಲಿ ಅದೇ ಖಾತೆ ತೆರೆದು, ಫೈಲ್ ಏನೂ ಸೇರಿಸದೆ, ನನಗೇ ಒಂದು ಸಾಲು ಕಳಿಸುತ್ತೇನೆ. ಅಲ್ಲಿಂದ ಹೋದರೆ ಖಾತೆ ಸರಿ ಇದೆ, ತೊಂದರೆ ನನ್ನ ಸೆಟ್ಟಿಂಗ್‌ನಲ್ಲಿ. ಅಲ್ಲಿಂದಲೂ ಹೋಗದಿದ್ದರೆ ಜಾಗ ತುಂಬಿದೆಯಾ ನೋಡುತ್ತೇನೆ. ಗೂಗಲ್‌ನ 15 ಜಿಬಿಯಲ್ಲಿ ಫೋಟೋ, ಡ್ರೈವ್ ಎಲ್ಲ ಸೇರುತ್ತದೆ. ಥಂಡರ್‌ಬರ್ಡ್‌ನಲ್ಲಿ ಬರುವುದೂ ಹೋಗುವುದೂ ಎರಡೂ ನಿಂತರೆ ಕಂಪ್ಯೂಟರಿನ ತಾರೀಕು ನೋಡಿ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ, ಮದರ್‌ಬೋರ್ಡಿನ ಬಿಲ್ಲೆಯಂಥ ಬ್ಯಾಟರಿ ಸತ್ತು, ನನ್ನ ಕಂಪ್ಯೂಟರು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ತಾರೀಕು ತಪ್ಪಿದರೆ ಸರ್ವರ್‌ನ ಪ್ರಮಾಣಪತ್ರವನ್ನು ಅದು ನಂಬುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿದ ಮೇಲೆ ಆ ತೊಂದರೆ ಇಲ್ಲ.

ಮಳೆಗಾಲದಲ್ಲೇ ಉಪಯೋಗಕ್ಕೆ ಬರುವ ಇನ್ನೊಂದು, ಔಟ್‌ಬಾಕ್ಸ್. ನೆಟ್ ಇಲ್ಲದಿದ್ದರೂ ಬರೆದು, ಫೈಲ್ ಸೇರಿಸಿ 'ಸೆಂಡ್ ಲೇಟರ್' ಕೊಟ್ಟರೆ ಅಲ್ಲಿ ಕಾಯುತ್ತಿರುತ್ತದೆ. ನೆಟ್ ಬಂದಾಗ ಒಟ್ಟಿಗೆ ಕಳಿಸಬಹುದು.

ವಾರಕ್ಕೆ ಎರಡು ಮೇಲ್ ಕಳಿಸುವವರಿಗೆ ಇದರ ಅಗತ್ಯ ಇಲ್ಲ, ಬ್ರೌಸರ್ ಸಾಕು. ಎರಡು ಮೂರು ಖಾತೆ, ದಿನವೂ ಫೈಲ್ ಕಳಿಸುವ ಕೆಲಸ ಇದ್ದರೆ ಹಾಕಿಕೊಳ್ಳಿ. 2024ರ ಅಕ್ಟೋಬರ್‌ನಿಂದ ಆಂಡ್ರಾಯ್ಡ್‌ಗೂ ಥಂಡರ್‌ಬರ್ಡ್ ಬಂದಿದೆ. ಕಂಪ್ಯೂಟರಿನ ಪರದೆಯ ಕ್ಯೂಆರ್ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಖಾತೆಗಳು ಬರುತ್ತವೆ, ಹೊರಹೋಗುವ ಸರ್ವರ್ ಸಮೇತ.