ನಾಲ್ಕು ವರ್ಷದ ಬಳಕೆ: ಯೂನಿವರ್ಸಲ್ ಮೀಡಿಯಾ ಸರ್ವರ್, ಪ್ಲೇಸ್ಟೇಷನ್ 4, ಮತ್ತು ಧಾರೆ ಹೊತ್ತಿಗೆ ನಿಂತುಹೋದ ಮದುವೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಶುರುವಿನ ಆರು ತಿಂಗಳಲ್ಲಿ ಕೇಳಿದ್ದರೆ ಒಂದು ಕೊಡುತ್ತಿದ್ದೆ, ಅದೂ ಬೈದುಕೊಂಡು. ಆ ಬೈಗುಳದಲ್ಲಿ ಮುಕ್ಕಾಲು ಪಾಲು ಈ ಸಾಫ್ಟ್‌ವೇರ್‌ಗೆ ಸಲ್ಲಬೇಕಾದದ್ದೇ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ನಮ್ಮದು ಬೆಂಗಳೂರಿನ ವಿಜಯನಗರದಲ್ಲಿ ಎರಡನೇ ಮಹಡಿಯ ಮನೆ. ಕಂಪ್ಯೂಟರ್ ಹಿಂದಿನ ರೂಮಿನಲ್ಲಿ, ಟಿವಿ ಮುಂದಿನ ಹಾಲ್‌ನಲ್ಲಿ, ನಡುವೆ ಅಡುಗೆಮನೆ. ಟಿವಿ ಹಳೆಯದು, ಸ್ಮಾರ್ಟ್ ಅಲ್ಲ. ಆದರೆ ಅದರ ಕೆಳಗೆ ನನ್ನ ಗೇಮ್ ಪೆಟ್ಟಿಗೆ ಪ್ಲೇಸ್ಟೇಷನ್ 4 (ಪಿಎಸ್4) ಇದೆ. ಅದರಲ್ಲಿ ಮೀಡಿಯಾ ಪ್ಲೇಯರ್ ಅಂತ ಒಂದು ಉಚಿತ ಆಪ್ ಹಾಕಿಕೊಂಡರೆ ಮನೆಯ ಕಂಪ್ಯೂಟರ್‌ನಲ್ಲಿರುವ ವಿಡಿಯೊ ಟಿವಿಯಲ್ಲಿ ನೋಡಬಹುದು. ಕಂಪ್ಯೂಟರ್ ಕಡೆಯಿಂದ ಬಡಿಸುವ ಕೆಲಸ ಯೂನಿವರ್ಸಲ್ ಮೀಡಿಯಾ ಸರ್ವರ್‌ನದು. ಇದೂ ಉಚಿತ. ಮೊದಲು ಪಿಎಸ್3 ಮೀಡಿಯಾ ಸರ್ವರ್ ಅಂತ ಇತ್ತಲ್ಲ, ಅದರಿಂದ ಕವಲೊಡೆದು ಬಂದದ್ದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹಾಕಿಕೊಳ್ಳುವುದು ಸುಲಭ: ಫೋಲ್ಡರ್ ತೋರಿಸಿದರೆ ಸಾಕು, ಟಿವಿಯಲ್ಲಿ ಪಟ್ಟಿ ಬರುತ್ತದೆ. ಇದರ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ತೊಂದರೆ ಶುರುವಾದದ್ದು ತಂಗಿ ಮದುವೆ ವಿಡಿಯೊದಿಂದ. ವಿಡಿಯೊದವರು ಹಾರ್ಡ್ ಡಿಸ್ಕ್ ತುಂಬಾ ತುಂಬಿ ಕೊಟ್ಟಿದ್ದರು. ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಆಂಟಿ ಎಲ್ಲರೂ ಸೋಫಾದಲ್ಲಿ ಕೂತರು. ವರಪೂಜೆ ತಡವರಿಸುತ್ತಾ ಸಾಗಿತು. ಗಟ್ಟಿಮೇಳ ಕೇಳಿಸಿತು, ಚಿತ್ರ ನಿಂತೇ ಹೋಯಿತು. "ಸರಿಯಾಗಿ ಧಾರೆ ಹೊತ್ತಿಗೇ ನಿಂತುಬಿಡ್ತಲ್ಲೋ" ಅಂದರು ಅಮ್ಮ. ನಾನೇ ನಿಲ್ಲಿಸಿದ ಹಾಗೆ ಎಲ್ಲರೂ ನನ್ನನ್ನೇ ನೋಡಿದರು.

ಮಾರನೇ ದಿನ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆ. ಅವರು 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ವೇಗದಿಂದ 200ಕ್ಕೆ ಹೋಗಿ ಸಾರ್ ಅಂದರು. ಹೋದೆ. ಮೂರು ತಿಂಗಳು ಜಾಸ್ತಿ ದುಡ್ಡು ಕಟ್ಟಿದೆ. ಒಂದು ಚೂರೂ ವ್ಯತ್ಯಾಸ ಆಗಲಿಲ್ಲ. ಆಗಬೇಕಾದರೂ ಹೇಗೆ? ವಿಡಿಯೊ ನನ್ನ ಕಂಪ್ಯೂಟರ್‌ನಿಂದ ರೂಟರ್‌ಗೆ, ರೂಟರ್‌ನಿಂದ ಹಾಲ್‌ಗೆ ಹೋಗುತ್ತದೆ. ಮನೆ ಬಾಗಿಲು ದಾಟುವುದೇ ಇಲ್ಲ. ಇಂಟರ್ನೆಟ್ ತಂತಿ ಕಿತ್ತಿಟ್ಟರೂ ಓಡುತ್ತದೆ. ಇದು ನನಗೇ ಹೊಳೆಯಬೇಕಿತ್ತು, ಫೋನಿನ ಆ ಕಡೆ ಇದ್ದವರಿಗೂ ಗೊತ್ತಿರಬೇಕಿತ್ತು, ಅಲ್ವಾ?

ಆಮೇಲೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ (ಕಂಪ್ಯೂಟರ್‌ನ ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಕಿಟಕಿ) ತೆರೆದಿಟ್ಟುಕೊಂಡು ಕೂತೆ. ಇಷ್ಟು ಒಳ್ಳೆಯ ಡಾಕ್ಟರ್ ಮನೆಯಲ್ಲೇ ಇದ್ದಾರೆ, ಯಾರೂ ಹೋಗುವುದಿಲ್ಲ. ವಿಡಿಯೊ ನಿಂತ ಹೊತ್ತಿಗೆ ಸಿಪಿಯು (ಕಂಪ್ಯೂಟರ್‌ನ ಮುಖ್ಯ ಚಿಪ್) ಗೆರೆ ಎಲ್ಲಿದೆ, ವೈಫೈ ಗೆರೆ ಎಲ್ಲಿದೆ, ಇವೆರಡನ್ನೇ ನೋಡುವುದು. ಒಂದು ಮಾಮೂಲಿ ಸಿನಿಮಾ ಹಾಕಿ ನೋಡಿದೆ. ಸಿಪಿಯು ಆರಾಮಾಗಿತ್ತು, ವೈಫೈ ಗೆರೆ ಗರಗಸದ ಹಲ್ಲಿನ ಹಾಗೆ ಏರಿ ಬೀಳುತ್ತಿತ್ತು. ಮದುವೆ ವಿಡಿಯೊ ಹಾಕಿದರೆ ಪೂರ್ತಿ ಉಲ್ಟಾ. ಸಿಪಿಯು ನೂರಕ್ಕೆ ನೂರು, ಫ್ಯಾನ್ ಮಿಕ್ಸಿ ಹಾಗೆ ಸದ್ದು. ಅಂದರೆ ಕಾಯಿಲೆ ಎರಡು, ಕೆಮ್ಮು ಮಾತ್ರ ಒಂದೇ ಥರ. ನಾನು ಎರಡಕ್ಕೂ ಒಂದೇ ಮಾತ್ರೆ ಹುಡುಕುತ್ತಿದ್ದೆ.

ಮೊದಲು ವೈಫೈ. ಮೊದಲ ಮಾದರಿಯ ಪಿಎಸ್4ನಲ್ಲಿ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಇದೆ. 5 ಗಿಗಾಹರ್ಟ್ಸ್ ಬಂದದ್ದು ಆಮೇಲಿನ ಸ್ಲಿಮ್ ಮತ್ತು ಪ್ರೊ ಮಾದರಿಗಳಲ್ಲಿ. ನನ್ನದು ಮೊದಲನೆಯದು. ಫೋನಿನಲ್ಲಿ ನೋಡಿದರೆ ನಮ್ಮ ಹಾಲ್‌ನಲ್ಲಿ 23 ವೈಫೈ ಹೆಸರುಗಳು, ಎಲ್ಲ ಅಕ್ಕಪಕ್ಕದವರದು. ಈ 2.4ರ ಬ್ಯಾಂಡಿನಲ್ಲಿ, ಅಂದರೆ ರೇಡಿಯೊ ಅಲೆಗಳ ಈ ಪಟ್ಟಿಯಲ್ಲಿ, ಒಂದರ ಮೇಲೊಂದು ಬೀಳದ ಚಾನಲ್‌ಗಳು ಅಂದರೆ 1, 6, 11 ಅಷ್ಟೇ. ನಮ್ಮ ರೂಟರ್ 6ರಲ್ಲಿ ಕೂತಿತ್ತು, ಅರ್ಧ ಬೀದಿಯೂ ಅಲ್ಲೇ ಇತ್ತು. 11ಕ್ಕೆ ಹಾಕಿದ ಮೇಲೆ ಮಧ್ಯಾಹ್ನ ಸರಿಹೋಯಿತು. ರಾತ್ರಿ ಒಂಬತ್ತಕ್ಕೆ, ಎಲ್ಲರೂ ಮನೆ ಸೇರಿದ ಮೇಲೆ, ಮತ್ತೆ ಅದೇ ರಾಗ. ಅದರ ಮೇಲೆ ಅಮ್ಮ ಮೈಕ್ರೋವೇವ್‌ನಲ್ಲಿ ಹಾಲು ಬಿಸಿಗಿಟ್ಟರೆ ಎರಡು ನಿಮಿಷ ಸಿನಿಮಾಗೆ ಇಂಟರ್ವಲ್. ಅದೂ ಇದೇ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೆಲಸ ಮಾಡುವುದು. ಪಾಪ ಇಂಡಕ್ಷನ್ ಒಲೆಯನ್ನೂ ನಾನು ಅನುಮಾನಿಸಿದ್ದೆ. ಅದರದು ಏನೂ ತಪ್ಪಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ತಲೆಗೆ ಹೋಗುವುದಿಲ್ಲ, ನನಗೂ ಹೋಗಿರಲಿಲ್ಲ. ಕಂಪ್ಯೂಟರ್ ಮತ್ತು ಪಿಎಸ್4 ಎರಡೂ ಅದೇ ವೈಫೈನಲ್ಲಿದ್ದರೆ ಒಂದೇ ವಿಡಿಯೊ ಗಾಳಿಯಲ್ಲಿ ಎರಡು ಸಲ ಹೋಗುತ್ತದೆ. ರೂಟರ್‌ಗೆ ಒಮ್ಮೆ, ಅಲ್ಲಿಂದ ಟಿವಿ ಕಡೆಗೆ ಇನ್ನೊಮ್ಮೆ. ಇರುವ ದಾರಿಯಲ್ಲಿ ಅರ್ಧ ಅಲ್ಲೇ ಖರ್ಚು. ಎರಡರಲ್ಲಿ ಒಂದಕ್ಕೆ ತಂತಿ ಎಳೆದರೂ ಅರ್ಧ ಭಾರ ಇಳಿಯುತ್ತದೆ.

ನಾನು ಎರಡಕ್ಕೂ ಎಳೆದೆ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ವರೆಗೆ ನಡೆದೆ. ಅಂಗಡಿ ಹುಡುಗ 20 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಕತ್ತರಿಸಿ ಎರಡೂ ತುದಿಗೆ ಅಲ್ಲೇ ಕನೆಕ್ಟರ್ ಒತ್ತಿಕೊಟ್ಟ. ಮನೆಗೆ ಬಂದು ನೋಡಿದರೆ 1000 ಎಂಬಿಪಿಎಸ್ ತೋರಿಸಬೇಕಾದ ಕಡೆ 100 ತೋರಿಸುತ್ತಿತ್ತು. ಕೇಬಲ್ ಒಳಗೆ ಎಂಟು ತಂತಿ ಇರುತ್ತವೆ. ನೂರಕ್ಕೆ ನಾಲ್ಕು ಸಾಕು, ಸಾವಿರಕ್ಕೆ ಎಂಟೂ ಕೂಡಿರಬೇಕು. ಎಲ್ಲೋ ಒಂದು ಕೂತಿರಲಿಲ್ಲ. ಹಾಗೇ ಬಿಟ್ಟೆ. ಸಿನಿಮಾಗೆ ನೂರೇ ಧಾರಾಳ. ಎರಡು ಗಂಟೆಯ ಸಿನಿಮಾ 9 ಜಿಬಿ ಇದ್ದರೆ ಅದು ಕೇಳುವುದು ಸೆಕೆಂಡಿಗೆ ಸುಮಾರು 10 ಮೆಗಾಬಿಟ್. (ಲೆಕ್ಕ ಸುಲಭ: ಜಿಬಿಯನ್ನು 8000ದಿಂದ ಗುಣಿಸಿ, ಎಷ್ಟು ಸೆಕೆಂಡಿನ ವಿಡಿಯೊನೋ ಅದರಿಂದ ಭಾಗಿಸಿ.) ಅವತ್ತಿನಿಂದ ಮಾಮೂಲಿ ಸಿನಿಮಾ ಒಮ್ಮೆಯೂ ತಡವರಿಸಿಲ್ಲ.

ಮದುವೆ ಮಾತ್ರ ಹಾಗೇ ಇತ್ತು. ಅದೇ ಲೆಕ್ಕ ಹಾಕಿದೆ. ಒಂದು ಗಂಟೆಗೆ 45 ಜಿಬಿ, ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಅದೂ 4ಕೆ. ಪಿಎಸ್4ನ ಪ್ಲೇಯರ್‌ಗೆ ಅಷ್ಟು ದೊಡ್ಡದು ಹಿಡಿಸುವುದಿಲ್ಲ, ಹಾಗಾಗಿ ಸರ್ವರ್ ಅದನ್ನು ಆಗಿಂದಾಗಲೇ ಚಿಕ್ಕದು ಮಾಡಿ ಕಳಿಸಬೇಕು. ನನ್ನ ಕಂಪ್ಯೂಟರ್‌ನಲ್ಲಿರುವುದು ಎರಡು ಕೋರ್‌ನ ಹಳೆಯ ಐ3 ಸಿಪಿಯು. ಮದುವೆ ಮನೆ ಊಟಕ್ಕೆ ಒಬ್ಬನೇ ಅಡುಗೆಯವನನ್ನು ನಿಲ್ಲಿಸಿ, ಪಂಕ್ತಿ ಕೂತ ಮೇಲೆ ಒಲೆ ಹಚ್ಚು ಅಂದ ಹಾಗೆ. ಸೆಟ್ಟಿಂಗ್‌ಗಳಲ್ಲಿ ಗುಣಮಟ್ಟ ಇಳಿಸಿ ನೋಡಿದೆ, ಬಫರ್ (ಮುಂಚೆಯೇ ತುಂಬಿಟ್ಟುಕೊಳ್ಳುವ ವಿಡಿಯೊ) ಏರಿಸಿ ನೋಡಿದೆ, ಸುಮ್ನೆ ಎರಡು ವಾರ ಹೋಯಿತು. ಕೊನೆಗೆ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಪ್ರೋಗ್ರಾಂನಲ್ಲಿ 1080ಪಿ (4ಕೆಗಿಂತ ಚಿಕ್ಕ ಚಿತ್ರ), ಎಚ್.264ಗೆ (ಪಿಎಸ್4ಗೆ ಹಿಡಿಸುವ ವಿಡಿಯೊ ರೂಪ) ಬದಲಿಸಲು ಹಾಕಿ ಮಲಗಿದೆ. ಬೆಳಗ್ಗೆ ಫಿಲ್ಟರ್ ಕಾಫಿ ಹೊತ್ತಿಗೆ ಫೈಲ್ ತಯಾರು. ಆ ಭಾನುವಾರ ಧಾರೆ ಪೂರ್ತಿ ನೋಡಿದೆವು. ಅಮ್ಮ ಎರಡು ಸಲ ನೋಡಿದರು. ಮೂಲ ಫೈಲನ್ನು ಮಾತ್ರ ಅಳಿಸಿಲ್ಲ, ತಂಗಿ ಕೊಂದುಬಿಡುತ್ತಾಳೆ.

ಫೋನಿನಲ್ಲಿ ಎಚ್ಇವಿಸಿ ಅನ್ನುವ ಹೊಸ ಥರದ ವಿಡಿಯೊ ರೂಪದಲ್ಲಿ ತೆಗೆದ ವಿಡಿಯೊಗಳಿಗೂ ಇದೇ ಮದ್ದು. ಅದನ್ನೂ ಪಿಎಸ್4ನ ಪ್ಲೇಯರ್ ತಿನ್ನುವುದಿಲ್ಲ. ಸಬ್‌ಟೈಟಲ್ ಹಾಕಿದರೂ ನಮ್ಮಲ್ಲಿ ಸಿಪಿಯು ಮೇಲಕ್ಕೇರುತ್ತದೆ, ಯಾಕಂದರೆ ಅಕ್ಷರಗಳನ್ನು ಚಿತ್ರದ ಮೇಲೇ ಬರೆದು ಕಳಿಸಬೇಕು. ಮಲಯಾಳಂ ಸಿನಿಮಾ ನೋಡುವಾಗ ಇದು ಗೊತ್ತಾದದ್ದು. ಒಂದು ಸ್ಟಾರ್ ಕಡಿಮೆ ಮಾಡಿರುವುದು ಇಲ್ಲಿಯೇ: ಯಾವ ಫೈಲ್ ಇದ್ದ ಹಾಗೇ ಹೋಗುತ್ತದೆ, ಯಾವುದು ಬದಲಾಗಿ ಹೋಗುತ್ತದೆ ಅಂತ ಟಿವಿಯ ಪಟ್ಟಿಯಲ್ಲೇ ಕಣ್ಣಿಗೆ ಬೀಳುವ ಹಾಗೆ ಇದ್ದಿದ್ದರೆ ನನ್ನ ಆರು ತಿಂಗಳು ಉಳಿಯುತ್ತಿತ್ತು. ಬದಲಾಗಿ ಹೋಗುವ ವಿಡಿಯೊದಲ್ಲಿ ಮುಂದಕ್ಕೆ ಓಡಿಸುವುದೂ ಕಿರಿಕಿರಿಯೇ.

ಪೆನ್‌ಡ್ರೈವ್‌ನಲ್ಲಿ ಹಾಕಿ ನೋಡಬಾರದಾ ಅಂತ ಕೇಳಬಹುದು. ನೋಡಬಹುದು. ಪರೀಕ್ಷೆಗಂತೂ ಅದೇ ಒಳ್ಳೆಯದು. ತಡವರಿಸುವ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ನೇರ ಪಿಎಸ್4ಗೆ ಚುಚ್ಚಿ. ಅಲ್ಲಿ ಸಲೀಸಾಗಿ ಓಡಿದರೆ ಫೈಲ್ ಸರಿ ಇದೆ, ದಾರಿ ಸರಿ ಇಲ್ಲ. ದಿನಾ ಎರಡು ರೂಮಿನ ನಡುವೆ ಓಡಾಡುವುದು ನನ್ನ ಕೈಲಿ ಆಗದು, ಅಷ್ಟೇ.

ಈಗ ಉಳಿದಿರುವುದು ಒಂದೇ ತಲೆನೋವು. ಕರೆಂಟ್ ಹೋದರೆ ಕಂಪ್ಯೂಟರ್ ಯುಪಿಎಸ್ ಮೇಲೆ ಉಸಿರಾಡುತ್ತಿರುತ್ತದೆ, ರೂಟರ್ ಸತ್ತು ಹುಟ್ಟುತ್ತದೆ. ವಾಪಸ್ ಬಂದಾಗ ಟಿವಿಯಲ್ಲಿ ಸರ್ವರ್ ಹೆಸರೇ ಇರುವುದಿಲ್ಲ. ರೂಟರ್ ಪೂರ್ತಿ ಏಳುವವರೆಗೆ ಕಾದು, ಆಮೇಲೆ ಸರ್ವರ್ ಮುಚ್ಚಿ ತೆರೆದರೆ ಬರುತ್ತದೆ. ಇದನ್ನು ಅಮ್ಮನಿಗೆ ಹೇಳಿಕೊಟ್ಟಿದ್ದೇನೆ. ನಾನು ಆಫೀಸಿನಲ್ಲಿದ್ದಾಗ ಫೋನ್ ಬರುವುದು ನಿಂತಿದೆ. ಮಳೆಗಾಲ ಮುಗಿಯುವುದರೊಳಗೆ ರೂಟರ್‌ಗೂ ಒಂದು ಚಿಕ್ಕ ಯುಪಿಎಸ್ ತರಬೇಕು.